ಹೋದ ವರ್ಷ ಕುಡಿದ ನೀರು

ಸೊಲ್ಲಾಪುರದಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಸಿಕ್ಕ ಪಾತ್ರೆಗೆಲ್ಲ ತುಂಬಿಟ್ಟುಕೊಳ್ಳುವುದು ಈ ಊರಿನ ಎಲ್ಲರ ರೂಢಿ. ನಮ್ಮ ಅಂಗಳದ ಹೌದನ್ನು, ಸಿಮೆಂಟಿನ ನೀರಿನ ತೊಟ್ಟಿಯನ್ನು, ಕಳೆದ ತಿಂಗಳು ಸೊಸೆ ತೊಳೆಸಿದಳು. ತಳದಲ್ಲಿ ಉಳಿದಿದ್ದ ನೀರನ್ನು ಹೊರಗೆ ಚೆಲ್ಲಿದಾಗ ಪಾಚಿಯ ವಾಸನೆ ಒಳಕೋಣೆಯವರೆಗೂ ಬಂತು. ತಣ್ಣನೆಯ, ಸ್ವಲ್ಪ ಸಿಹಿಯಾದ, ನೆರಳಲ್ಲಿದ್ದ ಕಲ್ಲಿನಿಂದ ಎದ್ದು ಬರುವಂಥ ವಾಸನೆ. ಜೋಳ ಹಸನು ಮಾಡುತ್ತಿದ್ದ ನನ್ನ ಕೈ ನಿಂತುಹೋಯಿತು. ಆ ವಾಸನೆಯ ಬಾವಿಯೊಂದನ್ನು ನಾನು ಬಲ್ಲೆ. ಅದರ ನೀರು ಕುಡಿದು ಒಂದು ವರ್ಷ ಕಾದಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಜಗಳಕ್ಕೆ ಎರಡನ್ನೂ ಬೆರೆಸಿ ಮಾತಾಡುವ ಜನ ನಾವು. ನನಗೆ ಗಂಡು ನೋಡುತ್ತಿದ್ದರು. ಆ ನಡುವೆ ಅಂಗಡಿಗೆ ಬರುತ್ತಿದ್ದ ಜೋಶಿ ಡಾಕ್ಟರರ ಪರಿಚಯವಾಯಿತು. ಪುಣೆ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಅಕ್ಕಲಕೋಟೆ ತಾಲೂಕಿನ ಹೈಸ್ಕೂಲು ಮಕ್ಕಳ ಆರೋಗ್ಯದ ರೂಢಿಗಳ ಸಮೀಕ್ಷೆ ಅವರ ಪಾಲಿಗೆ ಬಂದಿತ್ತು. ಹಲ್ಲು ಯಾವುದರಿಂದ ಉಜ್ಜುತ್ತೀರಿ, ಉಣ್ಣುವ ಮೊದಲು ಕೈ ತೊಳೆಯುತ್ತೀರಾ, ತಂಬಾಕು ಹಾಕುತ್ತೀರಾ, ಕಾಲಿಗೆ ಚಪ್ಪಲಿ ಉಂಟೇ, ಕುಡಿಯುವ ನೀರು ಎಲ್ಲಿಯದು ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳಬೇಕು. ಹುಡುಗಿಯರ ಜೊತೆ ಕೂತು ಕೇಳಲು ಒಬ್ಬ ಹೆಣ್ಣುಮಗಳು ಬೇಕಾಗಿತ್ತು. ಸಾಲಿಯ ಕೆಲಸ, ಸಂಜೆಯ ಬಸ್ಸಿಗೆ ಮನೆಗೆ ವಾಪಸು ಎಂಬ ಮಾತಿನ ಮೇಲೆ ಅಪ್ಪ ಒಪ್ಪಿದರು. ಅಮ್ಮ ಒಪ್ಪಲಿಲ್ಲ, ಆದರೆ ಬುತ್ತಿ ಕಟ್ಟಿಕೊಟ್ಟಳು.

ನಾನು ಹೇಳಬೇಕಾದ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ಗುರುತಿನ ಮನೆಗಳಿವೆ. ಕರಜಗಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹೊಲಗಳ ನಡುವೆ ನಡೆಯಬೇಕಾದ ಊರು ಎಂದರೆ ಸಾಕು. ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗಿತ್ತು. ಜೋಳದ ಕೊಯ್ಲಾದ ಹೊಲಗಳು ಬಿರುಕು ಬಿಟ್ಟಿದ್ದವು. ಕೂಳೆಗಳ ಮೇಲೆ ಬಿಸಿಲು ಝಳಝಳ ಕುಣಿಯುತ್ತಿತ್ತು. ಶಾಲೆ ಮುಟ್ಟುವಷ್ಟರಲ್ಲಿ ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಹೆಡ್‌ಮಾಸ್ತರರು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದು ನೀರು ತರಲು ಹೇಳಿದರು. ಅವಳ ಹೆಸರು ಮಹಾದೇವಿ. ಊರ ಪಾಟೀಲರ ಮಗಳು. ಎರಡು ಜಡೆ, ಎತ್ತರದ ಹಣೆ, ಬೇಗಬೇಗ ನಡೆಯುವ ಹುಡುಗಿ. ಮನೆಯಿಂದ ತಾಮ್ರದ ತಂಬಿಗೆಯ ತುಂಬ ನೀರು ತಂದಳು. ನಾನು ತಂಬಿಗೆ ಎತ್ತಿ ಒಂದೇ ಉಸಿರಿಗೆ ಕುಡಿದೆ. ಇನ್ನೊಮ್ಮೆ ಕೇಳಿ ಕುಡಿದೆ. ಅಂಥ ತಣ್ಣನೆಯ ನೀರನ್ನು ನಾನು ಸೊಲ್ಲಾಪುರದಲ್ಲಿ ಕುಡಿದಿರಲಿಲ್ಲ. ಡಾಕ್ಟರು ತಮ್ಮ ಚೀಲದಲ್ಲಿ ಮನೆಯ ನೀರನ್ನು ತಂದಿದ್ದರು. ಅವರದು ಸೂಕ್ಷ್ಮ ಹೊಟ್ಟೆ.

ಆ ಊರಿನಲ್ಲೂ ಮನೆಮಾತು ಕನ್ನಡ, ಸಾಲಿಯ ಪಾಠ ಮರಾಠಿ. ತರಗತಿಯಲ್ಲಿ ಡಾಕ್ಟರು ಮರಾಠಿಯಲ್ಲಿ ಕೇಳಿದರು, ಮಕ್ಕಳು ಮರಾಠಿಯಲ್ಲಿ ಉತ್ತರ ಕೊಟ್ಟರು. ಎಲ್ಲರ ಉತ್ತರ ಒಂದೇ. ದಿನಾ ಸ್ನಾನ ಮಾಡುತ್ತೇವೆ, ಉಗುರು ಕತ್ತರಿಸುತ್ತೇವೆ. 'ಪಾಣೀ ಗಾಳೂನ ಪಿತೋ', ನೀರನ್ನು ಸೋಸಿ ಕುಡಿಯುತ್ತೇವೆ. ಇಷ್ಟು ಅಚ್ಚುಕಟ್ಟಾದ ಮಕ್ಕಳನ್ನು ಎಲ್ಲೂ ಕಂಡಿಲ್ಲವೆಂದು ಡಾಕ್ಟರು ಹೆಡ್‌ಮಾಸ್ತರರನ್ನು ಹೊಗಳಿದರು. ಆದರೆ ಹಾಜರಿ ಕರೆದಾಗ ಹಲವು ಹೆಸರುಗಳಿಗೆ ಉತ್ತರವೇ ಬಂದಿರಲಿಲ್ಲ. ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗರು ಒಂದು ಕಾಲನ್ನು ಉದ್ದಕ್ಕೆ ಚಾಚಿ ಕೂತಿದ್ದರು.

ವಿರಾಮದಲ್ಲಿ ಹುಡುಗಿಯರನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ನಾನು ಕನ್ನಡದಲ್ಲಿ ಮಾತಿಗೆ ಇಳಿದೆ. ಮನೆಯಲ್ಲಿ ನೀರನ್ನು ಯಾವ ಅರಿವೆಯಿಂದ ಸೋಸುತ್ತೀರಿ ಎಂದು ಸುಮ್ಮನೆ ಕೇಳಿದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹಾದೇವಿ ನಕ್ಕಳು.

"ಸೋಸೂದು ಪುಸ್ತಕದಾಗ ಅದರಿ ಅಕ್ಕಾರ. ಮನ್ಯಾಗ ಯಾರು ಸೋಸ್ತಾರ?"

ಮತ್ತೆ ಕಾಲು ಚಾಚಿ ಕೂತ ಆ ಹುಡುಗರಿಗೆ ಏನಾಗಿದೆ ಎಂದೆ. ನಾರು ಆಗಿದೆ ಎಂದಳು, ನೆಗಡಿ ಆಗಿದೆ ಎನ್ನುವಷ್ಟು ಹಗುರಾಗಿ. ಬೇಸಿಗೆ ಬಂತೆಂದರೆ ಬರುತ್ತದೆ, ಇವತ್ತು ಸಾಲಿಗೆ ಬಾರದವರೂ ಅದರಿಂದಲೇ ಮನೆಯಲ್ಲಿ ಮಲಗಿದ್ದಾರೆ, ಮಳೆ ಬಿದ್ದರೆ ಹೋಗುತ್ತದೆ. ಒಬ್ಬ ಹುಡುಗನ ಕಾಲಿನ ಅರಿವೆ ಬಿಚ್ಚಿಸಿ ನೋಡಿದೆ. ಹರಡಿನ ಮೇಲೆ ಹುಣ್ಣು. ಹುಣ್ಣಿನಿಂದ ಬಿಳಿ ದಾರದಂಥ ಒಂದು ಹುಳು ಹೊರಗೆ ಬಂದಿತ್ತು. ಬಂದಷ್ಟನ್ನು ಕಸಬರಿಗೆಯ ಕಡ್ಡಿಯೊಂದಕ್ಕೆ ಸುತ್ತಿ ಕಟ್ಟಿದ್ದರು. ಅದು ಒಳಗಿನಿಂದ ಇನ್ನೂ ಬರಬೇಕಾಗಿತ್ತು. ಎಳೆದರೆ ಹರಿಯುತ್ತದೆ, ಆದ್ದರಿಂದ ದಿನಕ್ಕೆ ಇಷ್ಟಿಷ್ಟೇ ಸುತ್ತಬೇಕು ಎಂದು ಅವನೇ ವಿವರಿಸಿದ. ನಾನು ಅಲ್ಲಿಂದ ಎದ್ದೆ.

ಡಾಕ್ಟರಿಗೆ ಹೇಳಿದೆ. ಅವರು ಬರೆದುಕೊಂಡಿದ್ದ ಹಾಳೆಗಳನ್ನು ಚೀಲಕ್ಕೆ ತುರುಕಿ, ನೀರು ಎಲ್ಲಿಂದ ತರುತ್ತಾರೆ ತೋರಿಸಿ ಎಂದರು. ಮಹಾದೇವಿಯೇ ಕರೆದುಕೊಂಡು ಹೋದಳು. ಪಾಟೀಲರ ಹೊಲದ ಅಂಚಿನಲ್ಲಿ ಬೇವಿನ ಮರಗಳ ಕೆಳಗೆ ದೊಡ್ಡ ಮೆಟ್ಟಿಲ ಬಾವಿ. ಊರಿಗೆಲ್ಲ ಅದೊಂದೇ ಸಿಹಿನೀರು. ಹೆಂಗಸರು ಮೊಣಕಾಲು ಮುಳುಗುವಷ್ಟು ನೀರಿಗಿಳಿದು ಕೊಡ ತುಂಬುತ್ತಿದ್ದರು. ಅವರ ಪಕ್ಕದಲ್ಲೇ ಒಬ್ಬ ಮುದುಕ ಹುಣ್ಣಾದ ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಕಣ್ಣು ಮುಚ್ಚಿ ಕೂತಿದ್ದ. ಉರಿ ತಣ್ಣಗಾಗುತ್ತದಂತೆ. ಪಾಚಿಯ ವಾಸನೆ ಮೆಟ್ಟಿಲುಗಳಿಂದ ಏರಿ ಬರುತ್ತಿತ್ತು.

ಡಾಕ್ಟರು ಒಂದು ಗಾಜಿನ ಲೋಟದಲ್ಲಿ ನೀರು ಎತ್ತಿ ಬಿಸಿಲಿಗೆ ಹಿಡಿದರು. ಧೂಳಿನಷ್ಟು ಸಣ್ಣ ಬಿಳಿ ಚುಕ್ಕೆಗಳು ಅದರಲ್ಲಿ ಚಟಕ್ಕನೆ ಜಿಗಿಯುತ್ತಿದ್ದವು. ಹುಣ್ಣಿನ ಕಾಲು ನೀರಿಗೆ ತಾಗಿದಾಗ ಹುಳು ತನ್ನ ಮರಿಗಳನ್ನು ಬಿಡುತ್ತದೆ, ಈ ಚುಕ್ಕೆಗಳು ಅವನ್ನು ನುಂಗುತ್ತವೆ, ನೀರಿನ ಜೊತೆ ಚುಕ್ಕೆಗಳನ್ನು ಮನುಷ್ಯ ನುಂಗುತ್ತಾನೆ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಒಳಗೆ ಹೋದದ್ದು ಮೈಯಲ್ಲೆಲ್ಲ ತಿರುಗಿ ಬೆಳೆದು ಹೊರಗೆ ಬರಲು ಸುಮಾರು ಒಂದು ವರ್ಷ. ಅಲ್ಲಿಯವರೆಗೆ ನೋವಿಲ್ಲ, ಗುರುತಿಲ್ಲ, ಇದೆಯೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಔಷಧವೂ ಇಲ್ಲ. ಹೇಳುತ್ತ ಹೇಳುತ್ತ ಅವರ ಮಾತು ನಿಂತಿತು. ನನ್ನ ಕಡೆ ತಿರುಗಿ, ಬೆಳಿಗ್ಗೆ ನೀರು ಕುಡಿದಿರಾ ಎಂದು ಕೇಳಿದರು. ಕುಡಿದೆ ಎಂದೆ. ಅವರು ಲೋಟದ ನೀರನ್ನು ಕಲ್ಲಿನ ಮೇಲೆ ಚೆಲ್ಲಿ, ಮುಂದಿನ ಬೇಸಿಗೆಗೆ ತಿಳಿಯುತ್ತದೆ ಎಂದರು.

ಮನೆಯಲ್ಲಿ ನಾನು ಹೇಳಲಿಲ್ಲ. ಹೇಳಿದ್ದರೆ ಕೆಲಸ ಅಂದೇ ನಿಲ್ಲುತ್ತಿತ್ತು, ಹುಳು ಮಾತ್ರ ನಿಲ್ಲುತ್ತಿರಲಿಲ್ಲ. ಆ ವರ್ಷವಿಡೀ ನಾನು ಸ್ನಾನದ ಹೊತ್ತಿನಲ್ಲಿ ಕಾಲುಗಳನ್ನು ಮುಟ್ಟಿಮುಟ್ಟಿ ನೋಡಿಕೊಂಡೆ. ಸೊಳ್ಳೆ ಕಚ್ಚಿದ ಗುರುತನ್ನೂ ದೀಪದ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಬ್ಬರು ಗಂಡಿನ ಕಡೆಯವರು ನೋಡಲು ಬಂದಾಗ, ಉಪ್ಪಿಟ್ಟಿನ ತಟ್ಟೆ ಹಿಡಿದು ನಡೆಯುತ್ತಿದ್ದರೂ ನನ್ನ ಗಮನವೆಲ್ಲ ಎಡಗಾಲಿನ ಮೀನಖಂಡದಲ್ಲಿ ಏನೋ ಹರಿದಾಡಿದಂತಾದ ಕಡೆಗಿತ್ತು.

ಡಾಕ್ಟರು ಸಮೀಕ್ಷೆಯನ್ನು ಹೊಸದಾಗಿ ಶುರುಮಾಡಿದರು. ಈ ಸಲ ಎಲ್ಲ ಪ್ರಶ್ನೆಗಳನ್ನೂ ನಾನು ಕನ್ನಡದಲ್ಲೇ ಕೇಳಿದೆ. ಉತ್ತರಗಳೆಲ್ಲ ಬದಲಾದವು. ಯಾರೂ ಸೋಸುತ್ತಿರಲಿಲ್ಲ. ಎಲ್ಲರೂ ಬಾವಿಗಿಳಿಯುತ್ತಿದ್ದರು, ಹುಡುಗರು ಅಲ್ಲೇ ಈಜುತ್ತಿದ್ದರು. ನಾವು ಹುಡುಗಿಯರಿಗೆ ಧೋತರದ ಅರಿವೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟುವುದನ್ನು ತೋರಿಸಿಕೊಟ್ಟೆವು. ಮಹಾದೇವಿ ಅದನ್ನು ಹಟದಿಂದ ಹಿಡಿದಳು. ಶಾಲೆಯ ಕೊಡಕ್ಕೆ ಅರಿವೆ ಕಟ್ಟಿ ಅದರ ಪಕ್ಕ ಪಹರೆ ನಿಲ್ಲುತ್ತಿದ್ದಳು. ಆದರೆ ಮನೆಯಲ್ಲಿ ಅವಳ ಮಾತು ನಡೆಯಲಿಲ್ಲ. ಅವಳನ್ನು ಸಾಕಿದವಳು ಅಜ್ಜಿ, ಪಾಟೀಲರ ತಾಯಿ. ಊರವರೆಲ್ಲ ಆಯಿ ಎನ್ನುತ್ತಿದ್ದರು. ತಾಯಿಯಿಲ್ಲದ ಮೊಮ್ಮಗಳ ಮೇಲೆ ಜೀವವಿಟ್ಟಿದ್ದಳು, ದೇವರ ಪೂಜೆಗೆ ಒಯ್ಯುವ ನೀರಿಗೆ ಹಳೆಯ ಧೋತರ ಕಟ್ಟಲು ಮಾತ್ರ ಬಿಡುತ್ತಿರಲಿಲ್ಲ.

ಪಾಟೀಲರು ನಮ್ಮನ್ನು ಮರ್ಯಾದೆಯಿಂದ ಕೂರಿಸಿ ಚಹಾ ಕೊಡಿಸಿದರು. ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಎತ್ತರಿಸಿ, ಗಾಲಿ ಹಾಕಿ ಹಗ್ಗದಿಂದ ಸೇದುವಂತೆ ಮಾಡಿದರೆ ಯಾರ ಕಾಲೂ ನೀರಿಗೆ ತಾಗುವುದಿಲ್ಲ ಎಂದು ಡಾಕ್ಟರು ಹೇಳಿದರು, ನಾನು ಕನ್ನಡದಲ್ಲಿ ತಿಳಿಸಿದೆ. ಅವರು ಬಹಳ ಹೊತ್ತು ಕೇಳಿ ಕೊನೆಗೆ ಹೇಳಿದರು:

"ನಮ್ಮ ಅಜ್ಜ ಕಟ್ಟಿಸಿದ ಬಾವಿರಿ ಇದು. ಬರಗಾಲದಾಗೂ ಬತ್ತಿಲ್ಲ. ಇದಕ್ಕ ಗ್ವಾಡಿ ಕಟ್ಟಿದ್ರ, ನಮ್ಮ ನೀರಾಗ ಇಸಾ ಅದ ಅಂತ ನಾವೇ ಡಂಗುರಾ ಹೊಡದಂಗ ಆಗ್ತದ."

ಮೃಗಶಿರದ ಮಳೆ ಬಂತು. ಬಾವಿ ತುಂಬಿತು. ಹುಣ್ಣುಗಳೆಲ್ಲ ಒಣಗಿದವು. ನಾರು ಹೋಯಿತು ಎಂದು ಜನ ನಮ್ಮನ್ನು ಕಂಡು ನಗುತ್ತಿದ್ದರು, ನಾವು ಇನ್ನೂ ಯಾಕೆ ಬರುತ್ತೇವೆ ಎಂಬಂತೆ. ಶ್ರಾವಣದಲ್ಲಿ ಶಾಲೆಯ ಅಂಗಳದ ಕೆಸರಿನಲ್ಲಿ ಮಕ್ಕಳು ಕಬಡ್ಡಿ ಆಡುತ್ತಿದ್ದರು. ಆ ವರ್ಷದ ನೆನಪುಗಳಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ಆ ಆಟ. ಓಡುವ, ಜಿಗಿಯುವ, ನೆಟ್ಟಗಿನ ಚಂದದ ಕಾಲುಗಳು. ಅವುಗಳಲ್ಲಿ ಯಾವುದರೊಳಗೆ ಹುಳು ಬೆಳೆಯುತ್ತಿದೆಯೋ ಹೇಳುವವರಿಲ್ಲ. ಡಾಕ್ಟರೂ ಪಡಸಾಲೆಯ ಕಂಬಕ್ಕೆ ಒರಗಿ ಅದನ್ನೇ ನೋಡುತ್ತಿದ್ದರು. ನಂತರ ನನ್ನ ಕಾಲುಗಳ ಕಡೆಗೆ ನೋಡಿ, ನಾನು ಕಂಡೆನೆಂದು ತಿಳಿದು, ಮುಖ ಬೇರೆ ಕಡೆ ತಿರುಗಿಸಿದರು.

ದೀಪಾವಳಿಯ ಹೊತ್ತಿಗೆ ಮಹಾದೇವಿಗೆ ಮಂಗಳವೇಢೆ ಕಡೆಯ ಒಂದು ಮನೆತನದ ಗಂಡು ಗೊತ್ತಾಯಿತು. ಹತ್ತನೆಯ ಪರೀಕ್ಷೆ ಬರೆದ ಮೇಲೆಯೇ ಲಗ್ನ ಎಂದು ಅವಳು ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. ಆ ಊರಿನಿಂದ ಹತ್ತನೆಯ ಪರೀಕ್ಷೆಗೆ ಕೂರುವ ಮೊದಲ ಹುಡುಗಿ ಅವಳು. ಅಕ್ಕಲಕೋಟೆಯಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಬರೆಯುವುದೆಂದು ಠರಾವಾಗಿತ್ತು. ಗಣಿತದಲ್ಲಿ ತಿಳಿಯದ್ದನ್ನು ನನ್ನ ಹತ್ತಿರ ಕೇಳುತ್ತಿದ್ದಳು. ನನಗೂ ತಿಳಿಯುತ್ತಿರಲಿಲ್ಲ. ಇಬ್ಬರೂ ನಗುತ್ತಿದ್ದೆವು.

ಮತ್ತೆ ಬಿಸಿಲು ಏರಿತು. ಬಾವಿಯ ನೀರು ಒಂದೊಂದೇ ಮೆಟ್ಟಿಲು ಬಿಟ್ಟು ಕೆಳಗಿಳಿಯಿತು. ಶಾಲೆಯ ಹಾಜರಿಯಲ್ಲಿ ಒಂದೊಂದೇ ಹೆಸರಿಗೆ ಉತ್ತರ ನಿಂತಿತು.

ಪರೀಕ್ಷೆಗೆ ಇನ್ನೇನು ವಾರವಿದೆ ಎನ್ನುವಾಗ ಮಹಾದೇವಿಯ ಮೊಣಕಾಲಿನ ಬದಿಗೆ ಗುಳ್ಳೆ ಎದ್ದಿತು. ಆಗ ನಾನು ಅಲ್ಲಿರಲಿಲ್ಲ. ಆಮೇಲೆ ಅವಳೇ ಹೇಳಿದ್ದು. ಅದು ಏನೆಂದು ಅವಳಿಗೆ ಕೂಡಲೇ ತಿಳಿಯಿತು. ಅರಿವೆ ಕಟ್ಟಿಕೊಂಡು, ಕಡ್ಡಿಗೆ ಸುತ್ತಿಕೊಂಡೇ ಅಕ್ಕಲಕೋಟೆಗೆ ಹೋಗಿ ಪರೀಕ್ಷೆ ಬರೆಯುವುದಾಗಿ ನಿಶ್ಚಯ ಮಾಡಿದ್ದಳು. ಆದರೆ ಅದೇ ವಾರ ಗಂಡಿನ ಕಡೆಯವರು ನಿಶ್ಚಿತಾರ್ಥದ ಸಕ್ಕರೆ ಹಂಚುವ ಶಾಸ್ತ್ರಕ್ಕೆ ಬರುವವರಿದ್ದರು. ಕುಂಟುವ ಹುಡುಗಿಯನ್ನು ಅವರು ಕಂಡರೆ ಏನಾದೀತು ಎಂದು ಆಯಿ ಹೆದರಿದಳು. ಮಗನಿಗೂ ತಿಳಿಸದೆ, ನಾರು ಎಳೆಯುವವನೊಬ್ಬನನ್ನು ಪಕ್ಕದ ಊರಿನಿಂದ ಕರೆಸಿದಳು. ಮಹಾದೇವಿ ಬೇಡವೆಂದು ಅತ್ತಳು. ಮುದುಕಿಯೂ ಅಳುತ್ತಲೇ ಅವಳ ಭುಜ ಹಿಡಿದುಕೊಂಡಳು. ಅವನು ಎಳೆದ. ಹುಳು ಒಳಗೇ ಹರಿದು ತುಂಡಾಯಿತು.

ಸಂಜೆಗೆ ಕಾಲು ಊದಿ ಕಂಬವಾಯಿತು. ಜ್ವರದಲ್ಲಿ ಅವಳು ಮರಾಠಿ ಪಾಠಗಳನ್ನು ಗಟ್ಟಿಯಾಗಿ ಹೇಳುತ್ತಿದ್ದಳಂತೆ. ಪಾಟೀಲರು ಬಂಡಿ ಕಟ್ಟಿ, ಮುಂದೆ ಬಸ್ಸಿನಲ್ಲಿ ಮಲಗಿಸಿಕೊಂಡು ಸೊಲ್ಲಾಪುರದ ದವಾಖಾನೆಗೆ ತಂದರು. ಜೀವ ಉಳಿಯಿತು. ಮೊಣಕಾಲು ಮಡಿಚಿದಲ್ಲೇ ನಿಂತಿತು.

ಅದೇ ದಿನಗಳಲ್ಲಿ ನನಗೂ ಬಂತು. ಮೊದಲು ಮೈಯೆಲ್ಲ ದದ್ದು, ಆಮೇಲೆ ಎಡಗಾಲಿನ ಪಾದದ ಮೇಲೆ ಕಡಲೆಕಾಳಿನಷ್ಟು ಗುಳ್ಳೆ. ಚಪ್ಪಲಿ ಕಚ್ಚಿದ್ದು ಎಂದು ಅಮ್ಮ ಅರಿಶಿನ ಹಚ್ಚಿದಳು. ಮಧ್ಯಾಹ್ನ ಉರಿ ಶುರುವಾಯಿತು. ಆ ಉರಿಯನ್ನು ನಾನು ಹೇಗೆ ಬರೆಯಲಿ. ಕೆಂಡದ ಮೇಲೆ ಪಾದವಿಟ್ಟು ಯಾರೋ ಒತ್ತಿ ಹಿಡಿದಂತಿತ್ತು. ವರ್ಷವಿಡೀ ಮಕ್ಕಳಿಗೆ ಕಾಲನ್ನು ನೀರಿಗೆ ಹಾಕಬೇಡಿ ಎಂದು ಪಾಠ ಹೇಳಿದವಳು ನಾನು. ಆದರೆ ನನ್ನ ಕಾಲು ನನ್ನನ್ನು ಕೇಳದೆಯೇ ಹಿತ್ತಲಿನ ಹೌದಿನ ಕಡೆ ನಡೆಯಿತು. ಸೀರೆ ಎತ್ತಿ ಹಿಡಿದು ಅದರ ಅಂಚಿನಲ್ಲಿ ನಿಂತಾಗ, ಬಾವಿಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಮುದುಕನ ಮುಖ ನನಗೆ ಮೊದಲ ಸಲ ಅರ್ಥವಾಯಿತು. ನಾನು ಅಲ್ಲೇ ಕಲ್ಲಿನ ಮೇಲೆ ಕುಸಿದು ಅಮ್ಮನನ್ನು ಕೂಗಿದೆ. ಅವಳು ತಂಬಿಗೆಯಿಂದ ಕಾಲಿನ ಮೇಲೆ ನೀರು ಸುರಿದಳು. ನೀರು ಬಚ್ಚಲಿನಲ್ಲಿ ಹರಿದು ಹೋಯಿತು. ಗುಳ್ಳೆ ಒಡೆದು ಬಿಳಿಯ ತುದಿ ಹೊರಗೆ ಕಂಡಾಗ ಅಮ್ಮ ತಂಬಿಗೆ ಕೆಳಗಿಟ್ಟು ನನ್ನನ್ನು ನೋಡಿದಳು. ಆಗ ಎಲ್ಲ ಹೇಳಿದೆ.

ಕಾಲಿಗೆ ಪಟ್ಟಿ ಕಟ್ಟಿಕೊಂಡೇ ದವಾಖಾನೆಗೆ ಮಹಾದೇವಿಯನ್ನು ನೋಡಲು ಹೋದೆ. ಪರೀಕ್ಷೆ ಆಗಲೇ ನಡೆದು ಮುಗಿದಿತ್ತು. ಗಂಡಿನ ಕಡೆಯವರು ಬೇಡವೆಂದು ಹೇಳಿ ಕಳಿಸಿದ್ದರು. ಪಾಟೀಲರು ಕಿಟಕಿಯ ಹತ್ತಿರ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದರು. ಮಹಾದೇವಿಯ ಕಣ್ಣು ನೇರ ನನ್ನ ಪಟ್ಟಿಯ ಮೇಲೆ ಬಿತ್ತು.

"ಅಕ್ಕಾರ, ನಾ ಕೊಟ್ಟ ನೀರೇನ್ರಿ ಅದು?"

ಅವಳಿಗೆ ವರ್ಷದ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿತ್ತು. ಸುಳ್ಳು ಹೇಳಿ ಫಲವಿರಲಿಲ್ಲ. ಹೌದು ಎಂದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ಕಡೆ ಮುಖವಿಟ್ಟೇ ಕೇಳಿದಳು:

"ಯಾರು ಸುತ್ತಾಕತ್ತಾರ?"

"ನಾನೇ."

"ಹರದಿಲ್ಲಲ್ಲ?"

"ಇನ್ನೂ ಇಲ್ಲ."

"ಸಾವಕಾಶ ಸುತ್ರಿ."

ಪಾಟೀಲರು ತಿರುಗಿದರು. ಸಾಲಿಗೆ ಬಂದ ಹೆಣ್ಣುಮಗಳಿಗೆ ನಮ್ಮ ಮನೆಯ ತಂಬಿಗೆಯಲ್ಲಿ ಕೊಟ್ಟ ನೀರೇ ಎಂದು ನನ್ನನ್ನು ಮತ್ತೊಮ್ಮೆ ಕೇಳಿದರು. ಹೌದೆಂದು ತಲೆಯಾಡಿಸಿದೆ. ಅವರು ತಲೆಗೆ ಸುತ್ತಿದ ಪಟಗ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದರು. ಡಾಕ್ಟರು ವರ್ಷವಿಡೀ ಹೇಳಿದ ಮಾತುಗಳಿಂದ ಆಗದ್ದು ಅಂದು ಆಯಿತು. ಮಳೆಗಾಲ ಮುಗಿದ ಕೂಡಲೇ ಅವರು ಗವಂಡಿಗಳನ್ನು ಕರೆಸಿ ಮೆಟ್ಟಿಲುಗಳಿಗೆ ಅಡ್ಡ ಗೋಡೆ ಕಟ್ಟಿಸಿದರು. ಕಟ್ಟೆ ಎತ್ತರವಾಯಿತು, ಗಾಲಿ ಬಂತು.

ನನ್ನ ಹುಳು ಪೂರ್ತಿ ಬಂತು, ಹರಿಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕೊನೆಯ ಸಲ ಸಮೀಕ್ಷೆಗೆಂದು ಆ ಊರಿಗೆ ಹೋದಾಗ ಬಾವಿಯ ಹತ್ತಿರ ಗದ್ದಲವಿತ್ತು. ಗೋಡೆ ಎದ್ದ ಮೇಲೂ ಊರಿನಲ್ಲಿ ನಾರು ಬಂದಿತ್ತು. ಹಗ್ಗ ಎಳೆದೆಳೆದು ಹೆಂಗಸರ ಅಂಗೈಗಳಲ್ಲಿ ಬೊಬ್ಬೆಗಳು ಎದ್ದಿದ್ದವು. ಗೋಡೆಯಿಂದ ಏನು ಉಪಯೋಗ ಎಂದು ಹಾರೆ ಹಿಡಿದ ಗಂಡಸರು ಬಂದು ನಿಂತಿದ್ದರು. ಗೋಡೆಗೆ ಬೆನ್ನು ಕೊಟ್ಟು, ಮಡಿಚಿದ ಕಾಲನ್ನು ಪಕ್ಕಕ್ಕೆ ಇಟ್ಟುಕೊಂಡು ಮಹಾದೇವಿ ಕೂತಿದ್ದಳು. ಪಕ್ಕದಲ್ಲಿ ಬಡಿಗೆ.

"ಈ ವರ್ಷ ಹೊರಗ ಬಂದದ್ದು ಹೋದ ವರ್ಷ ಕುಡದ ನೀರು," ಎಂದಳು. "ಆಗ ಗ್ವಾಡಿ ಇರಲಿಲ್ಲ. ಇನ್ನೊಂದು ಬ್ಯಾಸಗಿ ತಡೀರಿ. ಆಗೂ ಬಂದ್ರ ನಾನೇ ಹಾರಿ ತಗೊಂಡು ಬರ್ತೀನಿ."

ಯಾರೋ ಅವಳ ಕಾಲಿನ ಬಗ್ಗೆ ಕೆಟ್ಟ ಮಾತಾಡಿದರು. ಅವಳು ಏಳಲಿಲ್ಲ. ಆಗ ಪಾಟೀಲರು ಬಂದು, ಮಗಳ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತರು. ಪಾಟೀಲರು ನೆಲದ ಮೇಲೆ ಕೂತದ್ದನ್ನು ಆ ಜನ ನೋಡಿದವರಲ್ಲ. ಒಬ್ಬೊಬ್ಬರೇ ಹಾರೆ ಹೆಗಲಿಗೇರಿಸಿಕೊಂಡು ಹೋದರು. ಗೋಡೆ ಉಳಿಯಿತು. ಅದರ ಮುಂದಿನ ಬೇಸಿಗೆಗೆ ಆ ಶಾಲೆಯಲ್ಲಿ ಒಂದು ಮಗುವೂ ಕಾಲು ಚಾಚಿ ಕೂರಲಿಲ್ಲ ಎಂದು ನನ್ನ ಲಗ್ನಕ್ಕೆ ಬಂದ ಡಾಕ್ಟರು ಹೇಳಿದರು. ಮಹಾದೇವಿಗೆ ಲಗ್ನವಾಗಲಿಲ್ಲ, ಪರೀಕ್ಷೆಯನ್ನೂ ಅವಳು ಮತ್ತೆ ಕಟ್ಟಲಿಲ್ಲ ಎಂದು ತಿಳಿಯಿತು.

ಹಾರೆಯವರು ಹೋದ ಆ ದಿನ ಅವಳು ನನ್ನನ್ನು ಮನೆಗೆ ಕರೆದಳು. ಬಡಿಗೆ ಊರಿಕೊಂಡು ಮುಂದೆ ಮುಂದೆ ನಡೆದಳು. ಒಳಗೆ ಪಡಸಾಲೆಯಲ್ಲಿ ಆಯಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಹಿಮ್ಮಡಿಯ ಮೇಲೆ ಅರಿವೆ. ಮುದುಕಿಗೂ ಬಂದಿತ್ತು. ನನ್ನನ್ನು ಕಂಡು ಸೆರಗು ಮುಖಕ್ಕೆಳೆದುಕೊಂಡಳು. ಮಹಾದೇವಿ ಮಡಿಚಿದ ಕಾಲಿನ ಮೇಲೆಯೇ ಕಷ್ಟಪಟ್ಟು ಕೆಳಗೆ ಕೂತು, ಅರಿವೆ ಬಿಚ್ಚಿ, ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಉಸಿರು ಬಿಗಿಹಿಡಿದು ಅರ್ಧ ಸುತ್ತು ತಿರುಗಿಸಿದಳು. ಆಯಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಎಳದು ಬಿಡವ್ವಾ. ಉರಿ ತಡಕೊಳ್ಳಾಕ ಆಗವಲ್ದು."

ಮಹಾದೇವಿ ಕಡ್ಡಿಯನ್ನು ಕಾಲಿಗೆ ಸೇರಿಸಿ ಹೊಸ ಅರಿವೆ ಸುತ್ತಿದಳು, ಗಂಟು ಬಿಗಿಯಾಗದಂತೆ ಬೆರಳಿಟ್ಟು ನೋಡಿದಳು.

"ಇಲ್ಲ ಆಯಿ," ಎಂದಳು. "ಇವತ್ತಿಗೆ ಇಷ್ಟು ಸಾಕು."